ಬೆಂಗಳೂರು ಚಾಮರಾಜಪೇಟೆಯ ತಾತನ ಮನೆ ದೀಪಾವಳಿ ಆದ್ಮೇಲೆ ಕೆಡವ್ತಾರೆ. ನಿಮ್ಮನೆಯವರೆಲ್ಲ ಈಗ ಎಲ್ಲಿ ಸೇರ್ತೀರಿ?

ಹಿತ್ತಲ ಬಾಗಿಲು:

ಎಲ್ಲರಿಗೂ ನಮಸ್ಕಾರ. ತಾತನ ಮನೇನ ಬಿಲ್ಡರ್‌ಗೆ ಕೊಡೋದು ಅಂತ ದೊಡ್ಡಪ್ಪ, ನಮ್ಮಪ್ಪ, ಚಿಕ್ಕಪ್ಪ ಮೂವರೂ ಒಪ್ಪಿದಾರೆ. ನಾಲ್ಕು ಅಂತಸ್ತು ಏಳುತ್ತೆ, ಒಬ್ಬೊಬ್ಬರಿಗೆ ಒಂದು ಫ್ಲಾಟು, ಮಿಕ್ಕಿದ್ದು ಬಿಲ್ಡರ್‌ದು. ಅವರು ಮಾಡ್ತಿರೋದು ತಪ್ಪು ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಮದ್ರಾಸ್ ಟೆರೇಸಿನ ತೊಲೆಗೆ ಗೆದ್ದಲು ಹತ್ತಿದೆ, ಮಳೆಗಾಲದಲ್ಲಿ ನಡುಮನೆ ಸೋರುತ್ತೆ, ದೊಡ್ಡಮ್ಮನಿಗೆ ಆ ಎತ್ತರದ ಹೊಸ್ತಿಲು ದಾಟೋಕಾಗಲ್ಲ. ಆದರೂ ಕೇಳ್ತೀನಿ: ಇಂಥ ಮನೆ ಹೋದ ಮೇಲೆ ನಿಮ್ಮ ಮನೆತನದವರು ಎಲ್ಲಿ ಸೇರ್ತಿದೀರಿ? ನಿಜವಾಗ್ಲೂ ಸೇರ್ತಿದೀರಾ?

ನಮ್ಮ ಕಡೆಯ ಬೀದಿ ಹೇಗಿತ್ತು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬೇಕು. ಚಾಮರಾಜಪೇಟೆ ಬಡಾವಣೆ ಆಗಿದ್ದು 1892ರಲ್ಲಿ, ಚಾಮರಾಜೇಂದ್ರ ಒಡೆಯರ್ ಹೆಸರಲ್ಲಿ. ನೂಲು ಹಿಡಿದ ಹಾಗೆ ಮೇನು, ಕ್ರಾಸು. ಮನೆ ಮುಂದೆ ರಸ್ತೆ, ಹಿಂದೆ ಕಸ, ಮಲ ಸಾಗಿಸೋಕೆ ಅಂತ ಬಿಟ್ಟ ಕನ್ಸರ್ವೆನ್ಸಿ ಗಲ್ಲಿ. ದೊಡ್ಡವರು ಓಡಾಡ್ತಿದ್ದಿದ್ದು ಮುಂದಿನ ರಸ್ತೇಲಿ, ಮಕ್ಕಳದ್ದೆಲ್ಲ ಹಿಂದಿನ ಗಲ್ಲೀಲಿ. ಅಜ್ಜಿಯ ತಂಗಿ ಮನೆ ಎರಡು ಕ್ರಾಸ್ ಆಚೆ. ಅಪ್ಪನ ಸೋದರಮಾವ ಕೋಟೆ ವೆಂಕಟರಮಣ ದೇವಸ್ಥಾನದ ಕಡೆ. ಸೋದರತ್ತೇನ ಕೊಟ್ಟಿದ್ದು ಶಂಕರಪುರಕ್ಕೆ, ನಡೆದರೆ ಕಾಲು ಗಂಟೆ. ಒಬ್ಬರ ಮನೇಲಿ ಹುಳಿಗೆ ನುಗ್ಗೇಕಾಯಿ ಹಾಕಿದ್ರೆ ಇನ್ನೊಬ್ಬರ ಮನೆಗೆ ತೂಕುಪಾತ್ರೇಲಿ ಹೋಗ್ತಿತ್ತು. ಹೊತ್ತುಕೊಂಡು ಹೋಗೋ ಕೆಲಸ ನಮ್ಮದು. ಪಾತ್ರೆ ಖಾಲಿ ವಾಪಸ್ ಕೊಡಬಾರದು ಅಂತ ಆ ಮನೆಯವರು ಚೂರು ಬೆಲ್ಲನೋ, ನಾಲ್ಕು ಎಲೆ ಕರಿಬೇವೋ ಹಾಕಿ ಕಳಿಸೋರು. ನಮ್ಮ ಸಂಬಂಧ ಉಳಿದಿದ್ದೇ ಈ ಓಡಾಟದಿಂದ ಅಂತ ನನಗೆ ಈಗ ಅನ್ನಿಸ್ತಿದೆ. ನಡೆದು ಹೋಗುವಷ್ಟು ದೂರದಲ್ಲಿ ಎಲ್ಲರೂ ಇದ್ದರು, ಕಾರಣ ಇಲ್ಲದೆ ಹೋಗಬಹುದಿತ್ತು. ಈಗ ಒಬ್ಬರು ಕೆಂಗೇರಿ, ಒಬ್ಬರು ಯಲಹಂಕ, ಒಬ್ಬರು ಸರ್ಜಾಪುರ ರಸ್ತೆ. ಹೋಗೋಕೆ ಮದುವೆಯೋ ತಿಥಿಯೋ ಆಗ್ಬೇಕು.

ಮನೇಲಿ ನನಗೆ ಬೇರೆ ಎಲ್ಲಕ್ಕಿಂತ ಹತ್ತಿರ ಇರೋದು ಬಚ್ಚಲುಮನೆ. ನೀರು ತುಂಬೋ ಹಬ್ಬದ ಸಂಜೆ ತಾಮ್ರದ ಹಂಡೇನ ಹುಣಸೆಹಣ್ಣು ಹಾಕಿ ತಿಕ್ಕಿ, ಮೈಮೇಲೆ ಸುಣ್ಣದ್ದೊಂದು ಗೆರೆ, ಕೆಮ್ಮಣ್ಣಿನದ್ದೊಂದು ಗೆರೆ ಎಳೆದು, ಕಂಠಕ್ಕೆ ಬಳ್ಳಿ ಸುತ್ತಿ ನೀರು ತುಂಬಬೇಕು. ಒಲೆಗೆ ತೆಂಗಿನ ಮಟ್ಟೆ, ಚಿಪ್ಪು. ಮಾರನೇ ದಿನ ಕತ್ತಲಿರುವಾಗಲೇ ಮಣೆ ಹಾಕಿ ವಯಸ್ಸಿನ ಪ್ರಕಾರ ಕೂರಿಸಿ ನೆತ್ತಿಗೆ ಎಣ್ಣೆ. ಎಣ್ಣೆ ಶಾಸ್ತ್ರ ಮಾಡೋದು ಮನೆಯ ಹೆಣ್ಣುಮಗಳು, ಅಂದ್ರೆ ಸೋದರತ್ತೆ. ಅದಕ್ಕೆ ಅಂತಲೇ ಹಿಂದಿನ ದಿನ ಶಂಕರಪುರದಿಂದ ಬರೋರು. ಹಂಡೆಗೆ ಗೆರೆ ಎಳೆಯೋದೂ ಅವರೇ, ಬೇರೆ ಯಾರು ಎಳೆದರೂ ಒರೆಸಿ ಮತ್ತೆ ಎಳೆಯೋರು. ಗೆರೆ ಹಂಡೆ ಸುತ್ತ ಹೋಗಿ ಶುರುವಾದ ಜಾಗಕ್ಕೇ ಬಂದು ಕೂಡಬೇಕಿತ್ತು, ಎಳ್ಳಷ್ಟೂ ಮೇಲೆ ಕೆಳಗೆ ಆಗಬಾರದು.

ಈ ಸಲದ್ದು ಆ ಮನೇಲಿ ಕೊನೇ ದೀಪಾವಳಿ. ನಿಮ್ಮ ಮನೆಗಳ ಕಥೆ ಬರೀರಿ. ಆ ಕಡೆ ಬೆಳೆದವರು ಯಾರಿದ್ರೂ ಸರಿ.

ಕೋಟೆ ಕಡೆಯವರು:

ನಮ್ಮದು ಫೋರ್ಟ್ ಹೈಸ್ಕೂಲು. ಹುಟ್ಟಿದ್ದು ವಾಣಿವಿಲಾಸ ಆಸ್ಪತ್ರೇಲಿ, ಕಣ್ಣಿಗೆ ಮಿಂಟೋ, ಉಳಿದ ಕಾಯಿಲೆಗೆಲ್ಲ ವಿಕ್ಟೋರಿಯಾ. ನಮ್ಮಜ್ಜಿಯ ಇಡೀ ಆಯುಷ್ಯ ಮಾರ್ಕೆಟ್ಟಿಂದ ಅರ್ಧ ಮೈಲಿ ಒಳಗೇ ಕಳೀತು.

ನೆಂಟರು ಸೇರೋದು ಅಂದ್ರೆ ನಮಗೆ ರಾಮೋತ್ಸವ. ರಾಮಸೇವಾ ಮಂಡಳಿಯವರು 1939ರಿಂದ ನಡೆಸ್ತಿರೋ ಸಂಗೀತೋತ್ಸವ, ನಮ್ಮ ಸ್ಕೂಲು ಮೈದಾನದ ಚಪ್ಪರದಲ್ಲಿ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡ್ತಾರೆ ಅಂದ್ರೆ ಮೈಸೂರಿಂದ, ತುಮಕೂರಿಂದ ನೆಂಟರು ಇಳಿಯೋರು. ನಡುಮನೇಲಿ ಸಾಲಾಗಿ ಹಾಸಿಗೆ. ಒಳಗೆ ಕೂತು ಕೇಳೋಕೆ ಎಲ್ಲರಿಗೂ ಟಿಕೆಟ್ ದುಡ್ಡು ಎಲ್ಲಿ? ಚಾಪೆ ತಗೊಂಡು ಹೋಗಿ ಕಾಂಪೌಂಡ್ ಆಚೆ ಫುಟ್‌ಪಾತ್ ಮೇಲೆ ಕೂರೋದು. ಧ್ವನಿವರ್ಧಕದಲ್ಲಿ ಎಲ್ಲ ಕೇಳಿಸ್ತಿತ್ತು. ನಮ್ಮ ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ ತೊಡೆ ಮೇಲೆ ತಾಳ ಹಾಕೋರು, ನಾವು ಅವರ ಮಡಿಲಲ್ಲಿ ನಿದ್ದೆ. ರಾಮನವಮಿ ದಿನ ಬೀದಿ ಬೀದೀಲಿ ಪಾನಕ, ಮಜ್ಜಿಗೆ, ಹೆಸರುಬೇಳೆ ಕೋಸಂಬರಿ.

ನಮ್ಮ ಮನೆ ಮಾರಿ ಬಹಳ ಕಾಲ ಆಯ್ತು. ಆದರೆ ರಾಮೋತ್ಸವಕ್ಕೆ ಸೇರೋದು ನಿಂತಿಲ್ಲ. ಅಣ್ಣತಮ್ಮಂದಿರ ಮಕ್ಕಳು ನಾವು ಒಂದು ಕಛೇರಿ ಆರಿಸ್ಕೊಳ್ತೀವಿ, ಎಲ್ಲೆಲ್ಲಿಂದಲೋ ಬಂದು ಒಂದೇ ಸಾಲಲ್ಲಿ ಕೂರ್ತೀವಿ. ಯಾರನ್ನೂ ಫೋನ್ ಮಾಡಿ ಕರೆಯೋ ಅಗತ್ಯ ಇಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಮನೆ ಇಲ್ಲದಿದ್ದರೆ ಒಂದು ದಿನ, ಒಂದು ಜಾಗ ಹಿಡ್ಕೊಳ್ಳಿ.

ಗವಿಪುರದ ಸೊಸೆ:

ಬಚ್ಚಲುಮನೆ ವಿಷಯ ಓದಿ ಕಣ್ಣು ತುಂಬಿ ಬಂತು. ಆದರೆ ಆ ಹಂಡೆಗೆ ನೀರು ಹೊತ್ತಿದ್ದು ಯಾರು ಅಂತಲೂ ಇಲ್ಲಿ ಬರೀಬೇಕು.

ನಾನು ಬೆಳೆದಿದ್ದು ವಠಾರದಲ್ಲಿ. ಎಂಟು ಮನೆಗೆ ಒಂದೇ ನಲ್ಲಿ. ನೀರು ಬರ್ತಿದ್ದಿದ್ದು ಬೆಳಗಿನ ಜಾವ. ಕೊಡಗಳ ಸಾಲು ರಾತ್ರೀನೇ ಇಟ್ಟು ಮಲಗಬೇಕು. ಅಮ್ಮ, ದೊಡ್ಡಮ್ಮ, ಅಕ್ಕ ಎದ್ದು ಹೊರೋರು, ಗಂಡಸರು ಎದ್ದಾಗ ಹಂಡೆ ಕಾದಿರೋದು. ಹೆಸರಘಟ್ಟದ ನೀರು, ತಿಪ್ಪಗೊಂಡನಹಳ್ಳಿ ನೀರು ಅಂತ ಊರಿಗೆ ನೀರು ಬಂದ ಇತಿಹಾಸ ಹೇಳುವವರು ಇದ್ದಾರೆ. 1974ರಲ್ಲಿ ಕಾವೇರಿ ಬಂತು ಅಂತಲೂ ಹೇಳ್ತಾರೆ. ನಲ್ಲಿಯಿಂದ ಬಚ್ಚಲಿಗೆ ಅದನ್ನ ತಂದವರ ಸೊಂಟದ ಮಾತು ಎಲ್ಲೂ ಬರಲ್ಲ. ಅಮ್ಮನ ಎಡ ಸೊಂಟದ ಮೇಲೆ ಕೊಡದ ಅಂಚು ಒತ್ತಿ ಒತ್ತಿ ಚರ್ಮ ಕಪ್ಪಾಗಿ ಗಟ್ಟಿಯಾಗಿತ್ತು. ಆಮೇಲೆ ಮನೆಯೊಳಗೇ ನಲ್ಲಿ ಬಂತು, ಆ ಕಲೆ ಹೋಗಲಿಲ್ಲ.

ಹಾಗಂತ ವಠಾರ ನನಗೆ ಕಹಿ ಅಲ್ಲ. ಆ ನಲ್ಲಿಯ ಮುಂದೆಯೇ ಅಮ್ಮನಿಗೆ ಗೆಳತಿಯರು ಸಿಕ್ಕಿದ್ದು. ಯಾರ ಮನೇಲಿ ಗಂಡ ಹೊಡೀತಾನೆ, ಯಾರ ಮಗಳು ದಿನ ತುಂಬಿದಾಳೆ, ಯಾರಿಗೆ ತಿಂಗಳ ಕೊನೇಲಿ ಅಕ್ಕಿ ಇಲ್ಲ, ಎಲ್ಲ ಅಲ್ಲಿ ಗೊತ್ತಾಗೋದು, ಅಲ್ಲೇ ಏನಾದ್ರೂ ಒಂದು ದಾರೀನೂ ಆಗೋದು. ನನ್ನ ತಮ್ಮ ಹುಟ್ಟಿದಾಗ ಬಾಣಂತನ ಮಾಡಿದ್ದು ರಕ್ತಸಂಬಂಧದವರಲ್ಲ, ಎದುರು ಮನೆಯವರು. ಅವರ ಕುಟುಂಬ ಈಗ ಕತ್ರಿಗುಪ್ಪೆ ಕಡೆ ಇದೆ. ಕಡಲೇಕಾಯಿ ಪರಿಷೆಗೆ, ಅಂದ್ರೆ ಕಾರ್ತೀಕದ ಕೊನೇ ಸೋಮವಾರ, ಅವರು ನಮ್ಮ ಮನೆಗೆ ಬಂದೇ ಬರ್ತಾರೆ. ಮೊದಲು ದೊಡ್ಡ ಬಸವಣ್ಣನ ದರ್ಶನ, ಆಮೇಲೆ ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ಕಾಯಿ ಬಾಯಿಗೆ ಹಾಕಿಕೊಂಡು ರುಚಿ ನೋಡಿ ನೋಡಿ ಸೇರು ಲೆಕ್ಕದಲ್ಲಿ ಕೊಳ್ಳೋದು. ರಾತ್ರಿ ಉಪ್ಪು ಹಾಕಿ ಬೇಯಿಸಿ ಎಲ್ಲರೂ ನೆಲದ ಮೇಲೆ ಕೂತು ಸುಲಿದು ತಿನ್ನೋದು.

ನನಗೆ ಒಂದು ಪ್ರಶ್ನೆ ಇದೆ. ಮೂವರು ಅಣ್ಣತಮ್ಮಂದಿರಿಗೆ ಒಂದೊಂದು ಫ್ಲಾಟು ಅಂದ್ರಿ. ಹಂಡೆಗೆ ಗೆರೆ ಎಳೀತಿದ್ದ ನಿಮ್ಮ ಸೋದರತ್ತೆ ಇದ್ದಾರಾ? ಅವರಿಗೇನು?

ಕಾಟನ್‌ಪೇಟೆ:

ಒಳಗಿನ ಪೇಟೆಯವರು ಯಾರೂ ಬರೆದಿಲ್ಲ, ಅದಕ್ಕೇ ನಾನು. ನೀವು ಹೇಳ್ತಿರೋದೆಲ್ಲ ಎಕ್ಸ್‌ಟೆನ್ಷನ್ ಬದುಕು. ನಮ್ಮ ಕಡೆ ಒಂದು ಗೋಡೆಗೆ ಎರಡು ಮನೆ. ಪಕ್ಕದ ಮನೇಲಿ ಒಗ್ಗರಣೆ ಹಾಕಿದ್ರೆ ನಮ್ಮನೇಲಿ ಕೆಮ್ಮು.

ನಮ್ಮಜ್ಜಿ ಅವರ ಅತ್ತೆಯಿಂದ ಕೇಳಿದ್ದನ್ನ ಹೇಳೋರು. 1898ರಲ್ಲಿ ಪ್ಲೇಗ್ ಬಂದಾಗ ಮನೇಲಿ ಇಲಿ ಸತ್ತು ಬಿತ್ತು ಅಂದ್ರೆ ಪಾತ್ರೆ ಪಡಗ ಬಿಟ್ಟು ಊರಾಚೆ ಗುಡಿಸಲಿಗೆ ಹೋಗಬೇಕಿತ್ತಂತೆ. ಆಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಅನುಕೂಲ ಇದ್ದವರು ಅಲ್ಲಿಗೆ ಹೋದರು, ಅಂಗಡಿ ಕಸುಬು ಬಿಡೋಕಾಗದವರು ಪೇಟೇಲೇ ಉಳಿದರು. ನಮ್ಮ ಮನೆತನ ಒಡೆದಿದ್ದೂ ಆಗಲೇ. ಹಿರಿಯಣ್ಣನ ಕವಲು ಬಸವನಗುಡಿಗೆ ಹೋಯ್ತು, ಕಿರಿಯವನ ಕವಲು ನಾವು. ಅವರ ಮಕ್ಕಳು ಆಫೀಸು ಸೇರಿದರು, ನಮ್ಮವರು ತಕ್ಕಡಿ ಹಿಡಿದರು. ಒಂದೇ ರಕ್ತ, ಎರಡು ತಲೆಮಾರಲ್ಲಿ ಮಾತಿನ ಧಾಟಿ ಕೂಡ ಬೇರೆ ಆಯ್ತು. ಹಳೆ ಬಡಾವಣೆ ಅಂತ ನಾವೆಲ್ಲ ಹಂಬಲಿಸ್ತೀವಲ್ಲ, ಅದು ಕೂಡ ಒಂದು ಕಾಲದಲ್ಲಿ ಮನೆ ಬಿಟ್ಟು ಬಂದವರು ಕಟ್ಟಿಕೊಂಡಿದ್ದೇ. ಇದನ್ನ ಮರೀಬಾರದು ಅನ್ನೋದು ನನ್ನ ಅಭಿಪ್ರಾಯ.

ಇಷ್ಟಾದ್ರೂ ಎರಡು ಕವಲು ಸೇರೋದು ಒಂದು ರಾತ್ರಿ: ಚೈತ್ರ ಹುಣ್ಣಿಮೆ, ಕರಗ. ತಿಗಳರ ಹಬ್ಬ ಅದು, ಪೇಟೆಯವರಿಗೆಲ್ಲ ಸೇರಿದ್ದು. ಧರ್ಮರಾಯನ ಗುಡಿಯಿಂದ ಕರಗ ಹೊರಡೋದೇ ನಡುರಾತ್ರಿ ಮೀರಿ. ಮುಂದೆ ವೀರಕುಮಾರರು ಕತ್ತಿ ಹಿಡಿದು. ನಮ್ಮ ಪೇಟೆಗೆ ಬಂದು ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಮುಂದೆ ಸಾಗುತ್ತೆ. ಬಸವನಗುಡಿಯ ಅಣ್ಣಂದಿರ ಮಕ್ಕಳು, ಮೊಮ್ಮಕ್ಕಳು ಸಂಜೆಗೇ ಬಂದು ನಮ್ಮ ಮಾಳಿಗೆ ಮೇಲೆ ಚಾಪೆ ಹಾಸ್ತಾರೆ. ಮಲ್ಲಿಗೆ ವಾಸನೆ ಮೊದಲು ಬರುತ್ತೆ, ಕರಗ ಆಮೇಲೆ ಕಾಣುತ್ತೆ. ಮನೆಯಲ್ಲಿ ಯಾರೂ ಮಲಗಲ್ಲ. ನಮ್ಮ ಈ ಮನೇನ ನಾವು ಇನ್ನೂ ಕೊಟ್ಟಿಲ್ಲ, ಕೊಡಲ್ಲ. ಕೆಳಗೆ ಗೋಡೌನ್ ಬಾಡಿಗೆಗೆ ಕೊಟ್ಟು ಮೇಲೆ ಎರಡು ರೂಮು ಇಟ್ಕೊಂಡಿದೀವಿ, ಆ ಒಂದು ರಾತ್ರಿಗೋಸ್ಕರವೇ.

ಆಲೂರು ವೆಂಕಟರಾವ್ ರೋಡ್:

ನಾನೂ ಚಾಮರಾಜಪೇಟೆ. ನಮ್ಮ ಅಬ್ಬಾಜಾನ್ ಕೊನೇವರೆಗೂ ಆಲ್ಬರ್ಟ್ ವಿಕ್ಟರ್ ರೋಡ್ ಅಂತಲೇ ಹೇಳ್ತಿದ್ರು. ಮನೇಲಿ ಉರ್ದು, ಗಲ್ಲೀಲಿ ಕನ್ನಡ. ನನಗೆ ಮಗ್ಗಿ ಕನ್ನಡದಲ್ಲೇ ಬರೋದು, ಈಗಲೂ ಮನಸ್ಸಲ್ಲಿ ಲೆಕ್ಕ ಹಾಕಿದ್ರೆ "ಎರಡೊಂದ್ಲ ಎರಡು".

ಬಕ್ರೀದ್‌ಗೆ ಮುಂಚೆ ಮೈದಾನದ ಹತ್ತಿರ ಬನ್ನೂರು ಕುರಿ ಬರ್ತಿದ್ವು. ಗಿಡ್ಡ ಕಾಲು, ತುಂಬಿದ ಮೈ. ನಮ್ಮನೆಗೆ ತಂದ ಕುರೀನ ಗಲ್ಲಿ ಮಕ್ಕಳೆಲ್ಲ ಸೇರಿ ಮೇಯಿಸ್ತಿದ್ವಿ. ಎದುರು ಮನೆ ಅಜ್ಜಿ ಬಾಳೆಹಣ್ಣಿನ ಸಿಪ್ಪೆ ಎತ್ತಿಟ್ಟು ಕಳಿಸೋರು, ಹಬ್ಬದ ದಿನ ಮಾತ್ರ ಕಿಟಕಿ ಮುಚ್ಚೋರು. ಅವರಿಗೆ ಆ ಕುರಿ ಮೇಲೆ ಪ್ರೀತಿ ಬಂದಿರೋದು ಅಂತ ನಮ್ಮಮ್ಮಿಗೆ ಗೊತ್ತಿತ್ತು. ಸಂಜೆ ಶೀರ್‌ಖುರ್ಮಾ ಕಳಿಸೋ ಬದಲು ಅಂಗಡಿಯಿಂದ ತಂದ ಹಣ್ಣು, ಕಲ್ಲುಸಕ್ಕರೆ ಕಳಿಸೋರು, ಅವರು ಮುಟ್ಟಬಹುದಾದ್ದು. ಸಂಕ್ರಾಂತಿಗೆ ಅವರ ಮನೆಯಿಂದ ಎಳ್ಳು, ಸಕ್ಕರೆ ಅಚ್ಚು ನಮಗೆ ಬರೋದು. ನನ್ನ ತಂಗಿಗೆ ರಂಗೋಲಿ ಕಲಿಸಿದ್ದು ಆ ಅಜ್ಜಿ.

ಅವರ ಮನೆ ಮಾರಿದ ದಿನ ಅಜ್ಜಿ ತುಳಸಿಕಟ್ಟೆ ಎಲ್ಲಿಡೋದು ಅಂತ ಕೇಳಿಕೊಂಡು ನಮ್ಮ ಮನೆಗೇ ಬಂದ್ರು. ಫ್ಲಾಟಿನ ಬಾಲ್ಕನೀಲಿ ಹಿಡಿಸಲ್ಲ ಅಂತ. ತುಳಸಿ ಗಿಡಾನ ಕುಂಡದಲ್ಲಿ ಹಾಕಿ ಕೊಟ್ಟು ಕಳಿಸಿದ್ವಿ, ಕಲ್ಲಿನ ಕಟ್ಟೆ ಇನ್ನೂ ನಮ್ಮ ಹಿತ್ತಲಲ್ಲೇ ಇದೆ, ಅವರ ಮನೆಯವರು ಯಾವತ್ತು ಬಂದು ಕೇಳಿದ್ರೂ ಕೊಡ್ತೀವಿ. ನೆಂಟರು ಮಾತ್ರ ಬಂಧುಗಳು ಅಂದ್ಕೊಂಡ್ರೆ ನಮ್ಮ ಬೀದಿಯ ಅರ್ಧ ಕಥೆ ಬಿಟ್ಟು ಹೋಗುತ್ತೆ.

8ನೇ ಕ್ರಾಸ್ ಮಲ್ಲೇಶ್ವರ:

ಗಣೇಶನ ಹಬ್ಬದಲ್ಲಿ ತಟ್ಟೆಯಲ್ಲಿ ಅಕ್ಷತೆ ಹಿಡ್ಕೊಂಡು "ಗಣೇಶ ಕೂರಿಸಿದ್ದೀರಾ?" ಅಂತ ಗುರುತಿಲ್ಲದ ಮನೆ ಬಾಗಿಲನ್ನೂ ತಟ್ಟುತ್ತಿದ್ದಿದ್ದು ಯಾರಿಗೆ ನೆನಪಿದೆ? 108 ಗಣೇಶ ನೋಡಬೇಕು ಅಂತ ಹಟ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಎಲ್ಲ ಸುತ್ತಿ ಬರೋದು. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಹೋದ ಸಲ ಹೇಳಿಕೊಟ್ಟೆ, ಮೂರು ಬ್ಲಾಕ್ ಸುತ್ತಿ ಬಂದರು. ಬಾಗಿಲು ತೆಗೆಯದವರು ಯಾರೂ ಇರಲಿಲ್ಲ.

ಹಿತ್ತಲ ಬಾಗಿಲು:

ಎಲ್ಲರದ್ದೂ ಓದಿದೆ. @ಗವಿಪುರದ ಸೊಸೆ, ಸೋದರತ್ತೆ ಇದ್ದಾರೆ, ಎಂಬತ್ತು ದಾಟಿದೆ. ಶಂಕರಪುರದ ಮನೇನೂ ಈಗ ಇಲ್ಲ, ಮಗನ ಜೊತೆ ಉತ್ತರಹಳ್ಳಿ ಕಡೆ ಇದ್ದಾರೆ. ಒಪ್ಪಂದದಲ್ಲಿ ಅವರ ಹೆಸರಿಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕ್ತಾರೆ ಅಂತ ದೊಡ್ಡಪ್ಪ ಹೇಳ್ತಿದಾರೆ. ಅತ್ತೆಯೂ ಫೋನಲ್ಲಿ "ನನಗೇನೂ ಬೇಡಪ್ಪ, ತವರು ಅಂತ ಒಂದು ಬಾಗಿಲು ಇದ್ರೆ ಸಾಕು" ಅಂದ್ರು. ಆ ಬಾಗಿಲನ್ನೇ ತಾನೆ ಈಗ ತೆಗೀತಿರೋದು. ಅವತ್ತಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಕೋರ್ಟ್ ಹಾಲ್ ಅಮ್ಮ:

ವಕೀಲಿ ಮಾಡ್ತೀನಿ, ಅದಕ್ಕೆ ಈ ವಿಷಯಕ್ಕಷ್ಟೇ ಬರೀತೀನಿ. ಕಾಗದ ನೋಡದೆ ತೀರ್ಪು ಹೇಳಲ್ಲ, ಆದರೆ ನಿಮ್ಮ ಮನೆಯವರಿಗೆ ತಿಳಿದಿರಲಿ.

ಮೊದಲು ನೋಡಬೇಕಾದ್ದು ತಾತ ಆ ಮನೇನ ಸ್ವಂತ ದುಡ್ಡಲ್ಲಿ ಕೊಂಡಿದ್ದರಾ ಅಂತ. ಕೊಂಡಿದ್ದು, ಉಯಿಲು ಬರೆಯದೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ತೀರಿಕೊಂಡಿದ್ದರೆ ಮಗಳಿಗೂ ಮಗನಷ್ಟೇ ಪಾಲು. ಆಕೆಯ ಮದುವೆ ಯಾವ ವರ್ಷ ಆಯ್ತು ಅನ್ನೋದು ಅಲ್ಲಿ ಲೆಕ್ಕಕ್ಕೇ ಬರಲ್ಲ. ಪಿತ್ರಾರ್ಜಿತ ಆಗಿದ್ದರೆ ದಾರಿ ಬೇರೆ. ಅಂಥ ಆಸ್ತೀಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಅನ್ನೋ ನಮ್ಮ ರಾಜ್ಯದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು, ಆದರೆ ಅದಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನ ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೀತು. 2005ರಲ್ಲಿ ತಂದೆ ಬದುಕಿರಲೇಬೇಕು ಅಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಕಾನೂನು ಪ್ರಕಾರ ವಿಭಾಗ ಆಗಿಹೋಗಿದ್ದರೆ ಅದನ್ನ ಮತ್ತೆ ತೆಗೆಯೋಕಾಗಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹಳೆ ಕಾಯ್ದೆಯ 23ನೇ ಕಲಮಿನಲ್ಲಿ, ಮನೆಯವರು ವಾಸ ಇರೋ ಮನೇಲಿ ಗಂಡುಮಕ್ಕಳು ತಾವಾಗಿ ಭಾಗ ಮಾಡಿಕೊಳ್ಳೋವರೆಗೂ ಹೆಣ್ಣುಮಕ್ಕಳು ಭಾಗ ಕೇಳೋ ಹಾಗಿರಲಿಲ್ಲ. ಪಾಲು ಇತ್ತು, ಕೇಳೋ ಬಾಯಿ ಇರಲಿಲ್ಲ. 2005ರಲ್ಲಿ ಆ ಕಲಮು ತೆಗೆದರು. ಹಳೆ ತಲೆಮಾರಿನ ಅಕ್ಕತಂಗಿಯರು ಸುಮ್ಮನೆ ಇದ್ದಿದ್ದು ಒಳ್ಳೆಯತನದಿಂದ ಮಾತ್ರ ಅಲ್ಲ.

ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಲೇಬೇಕು, ಸಬ್ ರಿಜಿಸ್ಟ್ರಾರ್ ಮುಂದೆ ಆಕೆ ಕೂರಬೇಕು. ಅಲ್ಲಿಗೆ ಕರ್ಕೊಂಡು ಹೋಗೋ ಮುಂಚೆ ಅದರಲ್ಲಿ ಏನು ಬರೆದಿದೆ ಅಂತ ಕನ್ನಡದಲ್ಲಿ, ನಿಧಾನವಾಗಿ, ಅಣ್ಣಂದಿರು ಎದುರಿಗಿಲ್ಲದಾಗ ಯಾರಾದರೂ ಓದಿ ಹೇಳಲಿ. ಓದಿ ತಿಳಿದುಕೊಂಡು ಬಿಟ್ಟುಕೊಟ್ಟರೆ ಅದು ಆಕೆಯ ಔದಾರ್ಯ. ತಿಳಿಯದೆ ಹಾಕಿದ ಹೆಬ್ಬೆಟ್ಟಿನ ಮೇಲೆ ನಿಂತ ಸಂಬಂಧಗಳು ಮುಂದಿನ ತಲೆಮಾರಲ್ಲಿ ಕೋರ್ಟಿಗೆ ಬಂದಿದ್ದನ್ನ ನಾನು ದಿನಾ ನೋಡ್ತೀನಿ.

ಕೋಟೆ ಕಡೆಯವರು:

ನಮ್ಮ ಮನೆ ಮಾರುವಾಗ ಅತ್ತೆಯಂದಿರಿಬ್ಬರಿಗೂ ಸಮಪಾಲು ಕೊಟ್ಟರು. ಅಪ್ಪ ಅವತ್ತು ಕೊಟ್ಟರು, ಚಿಕ್ಕಪ್ಪ ಮುನಿಸಿಕೊಂಡು ಎರಡು ಯುಗಾದಿ ಮಾತಾಡಲಿಲ್ಲ. ಆಮೇಲೆ ಸರಿಹೋಯ್ತು. ರಾಮೋತ್ಸವದ ಸಾಲಲ್ಲಿ ಅತ್ತೆಯಂದಿರ ಮಕ್ಕಳೂ ನಮ್ಮ ಜೊತೆ ಕೂರ್ತಾರೆ. ಪಾಲು ಕೊಟ್ಟಿರದಿದ್ರೆ ಅವರು ಬರ್ತಿದ್ದರು ಅನ್ನೋ ಧೈರ್ಯ ನನಗಿಲ್ಲ.

ಗವಿಪುರದ ಸೊಸೆ:

ನಾನು ಇಪ್ಪತ್ತೈದು ದಾಟೋ ಮುಂಚೆ ಅಂಥದ್ದೇ ಕಾಗದಕ್ಕೆ ಸಹಿ ಹಾಕಿದೀನಿ. ಅಣ್ಣ ಕೆಟ್ಟವನಲ್ಲ. ಹಬ್ಬಕ್ಕೆ ಸೀರೆ ಕಳಿಸ್ತಾನೆ, ಕಾಯಿಲೆ ಬಿದ್ದಾಗ ರಾತ್ರಿಯೆಲ್ಲ ಆಸ್ಪತ್ರೇಲಿ ಕೂತಿದ್ದ. ಆದರೂ ಅವನ ಮನೇಲಿ ಫ್ರಿಜ್ ಬಾಗಿಲು ತೆಗೆಯೋಕೆ ಮುಂಚೆ ಅತ್ತಿಗೆ ಮುಖ ನೋಡ್ತೀನಿ. ಅಮ್ಮನ ಅಡುಗೆಮನೇಲಿ ಹಾಗೆ ಯಾವತ್ತೂ ನೋಡಿರಲಿಲ್ಲ. ನಿಮ್ಮ ಅತ್ತೆ "ನನಗೇನೂ ಬೇಡ" ಅಂದಿದ್ದನ್ನ ಉತ್ತರ ಅಂತ ತಗೋಬೇಡಿ. ಇನ್ನೊಂದು ಸಲ ಕೇಳಿ, ಎದುರಿಗೆ ಕೂತು ಕೇಳಿ.

ಹಿತ್ತಲ ಬಾಗಿಲು:

ಭಾನುವಾರ ಉತ್ತರಹಳ್ಳಿಗೆ ಹೋಗಿ ಬಂದೆ. ಅತ್ತೆಯ ಮಗನೂ ಇದ್ದ. ಕಾಗದದ ಪ್ರತಿ ತಗೊಂಡು ಹೋಗಿ ಸಾಲು ಸಾಲೂ ಓದಿ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ನಿಮ್ಮ ತಾತ ಈ ಸೈಟು ತಗೊಂಡಾಗ ನನ್ನ ಬಳೆ ಅಡ ಇಟ್ಟಿದ್ರು, ಬಿಡಿಸಿಕೊಡ್ತೀನಿ ಅಂದಿದ್ರು" ಅಂದರು. ಮನೇಲಿ ಯಾರಿಗೂ ಈ ಮಾತು ಗೊತ್ತಿಲ್ಲ, ನಮ್ಮಪ್ಪನಿಗೂ. ಆಮೇಲೆ ಅವರೇ ಹೇಳಿದ್ದು: ಫ್ಲಾಟು ಬೇಡ, ಆದರೆ ಸಹಿನೂ ಹಾಕಲ್ಲ, ಅಣ್ಣ ತಮ್ಮಂದಿರು ಮೂವರೂ ಬಂದು ನನ್ನ ಹತ್ತಿರ ಮಾತಾಡಲಿ.

ಅಪ್ಪನಿಗೆ ಹೇಳಿದೆ. ಬಳೆ ಮಾತು ಕೇಳಿ ಅವರು ಎದ್ದು ಶರಟು ಹಾಕ್ಕೊಂಡು "ಈಗಲೇ ಹೋಗೋಣ" ಅಂದರು. ಚಿಕ್ಕಪ್ಪ ಒಪ್ಪೋ ಹಾಗಿದ್ದಾರೆ. ದೊಡ್ಡಪ್ಪ ಫೋನ್ ಇಟ್ಟುಬಿಟ್ಟರು, ನಾಳೆ ಅವರ ಮನೆಗೆ ನಾನೇ ಹೋಗ್ತೀನಿ. ಬಿಲ್ಡರ್‌ಗೆ ತಿಂಗಳು ಕಾಯೋಕೆ ಹೇಳಿದ್ದಾಯ್ತು.

@ಕೋರ್ಟ್ ಹಾಲ್ ಅಮ್ಮ, ಕ್ರಯಪತ್ರ ತಾತನ ಹೆಸರಲ್ಲೇ ಇದೆ, ಉಯಿಲು ಇಲ್ಲ, ಅವರು ಹೋಗಿದ್ದು 1981ರಲ್ಲಿ. ಇನ್ನೇನೇನು ಕಾಗದ ತೆಗೆಸಬೇಕು ಹೇಳ್ತೀರಾ?

ಕೋರ್ಟ್ ಹಾಲ್ ಅಮ್ಮ:

ಹಾಗಿದ್ರೆ ನಾನು ಮೊದಲು ಹೇಳಿದ್ದೇ ಅನ್ವಯ. ಕ್ರಯಪತ್ರದ ದೃಢೀಕೃತ ನಕಲು, ಅವತ್ತಿಂದ ಇವತ್ತಿನವರೆಗಿನ ಋಣಭಾರ ಪ್ರಮಾಣಪತ್ರ, ಖಾತಾ, ತಾತ ಅಜ್ಜಿ ಇಬ್ಬರ ಮರಣಪತ್ರ, ವಂಶವೃಕ್ಷ. ವಂಶವೃಕ್ಷದಲ್ಲಿ ಅತ್ತೆಯ ಹೆಸರು ಇದೆಯಾ ಅಂತ ಮೊದಲು ನೋಡಿ, ಬಿಟ್ಟಿರ್ತಾರೆ. ದೊಡ್ಡಪ್ಪನ ಹತ್ತಿರ ಹೋಗುವಾಗ ಕಾನೂನಿನ ಮಾತು ಮೊದಲೇ ಎತ್ತಬೇಡಿ, ಬಳೆಯದ್ದು ಹೇಳಿ.